ಬೆಕ್ಕಿನ ಕಾಯಿಲೆ: ಯಾವುದಕ್ಕೆ ಬೆಳಗಿನ ತನಕ ಕಾಯಬಾರದು?

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಗಂಡು ಬೆಕ್ಕು ಪದೇ ಪದೇ ಮಣ್ಣಿನ ಟ್ರೇಗೆ ಹೋಗಿ ತಿಣುಕುತ್ತಿತ್ತು, ಅರಚುತ್ತಿತ್ತು. ಮಲಬದ್ಧತೆ ಇರಬೇಕೆಂದು ಹರಳೆಣ್ಣೆ ಕುಡಿಸಿದೆವು. ಮೂರನೇ ದಿನ ತೀರಿಕೊಂಡಿತು. ಈಗ ಇನ್ನೊಂದು ಗಂಡು ಮರಿ ತಂದಿದ್ದೇವೆ. ಮುಂದೆ ಹೀಗಾದರೆ ಗುರುತಿಸುವುದು ಹೇಗೆ?
– ಓದುಗರು, ಶಿರಸಿ

ಉತ್ತರ: ಪರೀಕ್ಷೆ ಆಗಿಲ್ಲದ ಕಾರಣ ಖಡಾಖಂಡಿತವಾಗಿ ಹೇಳಲಾಗದು. ಆದರೆ ನೀವು ಬರೆದಿರುವುದು ಮೂತ್ರನಾಳ ಕಟ್ಟಿಕೊಂಡಾಗ ಕಾಣುವ ಲಕ್ಷಣಗಳೇ. ಮಲಕ್ಕೆ ತಿಣುಕಿದರೂ ಮೂತ್ರಕ್ಕೆ ತಿಣುಕಿದರೂ ಬೆಕ್ಕು ಕೂರುವ ಭಂಗಿ ಹೆಚ್ಚುಕಡಿಮೆ ಒಂದೇ, ಹಾಗಾಗಿ ಬಹಳ ಮನೆಗಳಲ್ಲಿ ಈ ತಪ್ಪಾಗುತ್ತದೆ. ನಿಮ್ಮನ್ನು ಹಳಿದುಕೊಳ್ಳಬೇಡಿ.

ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರಾ ಸಪೂರ. ಲೋಳೆ ಮತ್ತು ಹರಳಿನ ಪುಡಿ ಸೇರಿ ಅಲ್ಲಿ ಬಿರಡೆಯಂತೆ ಕೂತರೆ ಮೂತ್ರಕ್ಕೆ ದಾರಿಯಿಲ್ಲ. ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಪೂರ್ತಿ ಕಟ್ಟಿದರೆ ಒಂದೆರಡು ದಿನದಲ್ಲಿ ಜೀವ ಹೋಗಬಹುದು.

ಮೊದಲು ಟ್ರೇ ನೋಡಿ. ಒದ್ದೆ ಉಂಡೆಗಳಿಲ್ಲವೇ? ಬರೀ ಹನಿ, ಅಥವಾ ರಕ್ತ ಬೆರೆತ ಹನಿಯೇ? ಬೆಕ್ಕು ಮೂತ್ರದ್ವಾರವನ್ನು ಬಿಡದೆ ನೆಕ್ಕುತ್ತಿದೆಯೇ? ಹಿಂಗಾಲುಗಳ ಮುಂದೆ ಹೊಟ್ಟೆಯಲ್ಲಿ ನಿಂಬೆಹಣ್ಣಿನಷ್ಟೋ ಇನ್ನೂ ದೊಡ್ಡದೋ ಆದ ಗಟ್ಟಿ ಗಡ್ಡೆ ಕೈಗೆ ಸಿಗಬಹುದು. ಅದು ತುಂಬಿದ ಮೂತ್ರಕೋಶ. ಒತ್ತಬೇಡಿ, ಒಡೆಯುತ್ತದೆ. ವಾಂತಿ ಶುರುವಾಗಿ ಬೆಕ್ಕು ಮಂಕಾಯಿತೆಂದರೆ ವಿಷ ಮೈಗೇರಿದೆ ಎಂದರ್ಥ. ಅರಚಾಟ ನಿಂತಿತೆಂದು ಸಮಾಧಾನಪಡುವ ಹೊತ್ತು ಅದಲ್ಲ. ಎಣ್ಣೆ, ಜೀರಿಗೆ ನೀರು ಯಾವುದೂ ಆ ಬಿರಡೆ ತೆಗೆಯದು. ವೈದ್ಯರೇ ಅರಿವಳಿಕೆ ಕೊಟ್ಟು ಕ್ಯಾಥೆಟರ್ (ಮೂತ್ರನಾಳಕ್ಕೆ ತೂರಿಸುವ ಸಪೂರ ಕೊಳವೆ) ಹಾಕಬೇಕು, ಡ್ರಿಪ್ ಕೊಡಬೇಕು. ಹೊರಡುವ ಮೊದಲು ಫೋನ್ ಮಾಡಿ, ಬೆಕ್ಕಿಗೆ ಹಾಕುವ ಸಣ್ಣ ಕ್ಯಾಥೆಟರ್ ಇದೆಯೇ ಎಂದು ಕೇಳಿಕೊಳ್ಳಿ. ದನಕರುಗಳನ್ನೇ ಹೆಚ್ಚು ನೋಡುವ ಆಸ್ಪತ್ರೆಯಲ್ಲಿ ಅದು ಇಲ್ಲದಿರಬಹುದು.

ಪ್ರಶ್ನೆ: ಬೆಕ್ಕು ನಿನ್ನೆಯಿಂದ ಊಟ ಮುಟ್ಟಿಲ್ಲ, ಮೈ ಬಿಸಿ ಇದೆ. ಜ್ವರದ ಮಾತ್ರೆ ಕಾಲು ಭಾಗ ಕೊಡಬಹುದೇ?
– ಓದುಗರು, ತುಮಕೂರು

ಉತ್ತರ: ಖಂಡಿತ ಬೇಡ. ಪ್ಯಾರಾಸಿಟಮಾಲ್ ಅನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ಒಂದು ತುಂಡೇ ಪ್ರಾಣ ತೆಗೆಯಬಹುದು. ಈಗಾಗಲೇ ಕೊಟ್ಟಿದ್ದರೆ, ಒಸಡು ಕಂದಾಗುವುದನ್ನೋ ಮುಖ ಊದುವುದನ್ನೋ ಕಾಯದೆ ಮಾತ್ರೆಯ ಹಾಳೆ ಸಮೇತ ಓಡಿ.

ಮೈ ಬಿಸಿ ಎನ್ನುವುದನ್ನು ಕೈಯಿಂದ ತೀರ್ಮಾನಿಸಬೇಡಿ, ಬೆಕ್ಕಿನ ಮೈಯೇ ನಮ್ಮದಕ್ಕಿಂತ ಬಿಸಿ. ಗುದದ್ವಾರದಲ್ಲಿ ಅಳೆದಾಗ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ದೊಡ್ಡ ಬೆಕ್ಕು 24 ಗಂಟೆ ಏನೂ ತಿನ್ನದಿದ್ದರೆ ತೋರಿಸಿ. ಮರಿಯಾದರೆ ಅರ್ಧ ದಿನವೂ ಹೆಚ್ಚು. ದಪ್ಪ ಬೆಕ್ಕು ಉಪವಾಸ ಬಿದ್ದರೆ ಮೈಯ ಕೊಬ್ಬು ಪಿತ್ತಜನಕಾಂಗದಲ್ಲಿ ತುಂಬಿಕೊಂಡು ಕಾಮಾಲೆ ಹಿಡಿಯುತ್ತದೆ. ಹಾಗಾಗಿ 'ದಪ್ಪಗಿದೆ, ತಡೆದೀತು' ಎಂಬ ಲೆಕ್ಕ ಬೇಡ.

ಪ್ರಶ್ನೆ: ಉಸಿರಾಟ ಜೋರಾಗಿದೆಯೇ ಎಂದು ತಿಳಿಯುವುದು ಹೇಗೆ?
– ಓದುಗರು, ಮಂಗಳೂರು

ಉತ್ತರ: ನಿದ್ದೆಯಲ್ಲಿದ್ದಾಗ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ; ಏರಿ ಇಳಿದರೆ ಒಂದು ಲೆಕ್ಕ. 30 ದಾಟುವುದು ಮತ್ತೆ ಮತ್ತೆ ಕಂಡರೆ ವೈದ್ಯರಿಗೆ ತೋರಿಸಿ. ಬೆಕ್ಕು ಸುಮ್ಮನೆ ಕೂತಲ್ಲೇ ನಾಯಿಯಂತೆ ಬಾಯಿ ತೆರೆದು ಏದುಸಿರು ಬಿಟ್ಟರೆ, ಒಸಡು ನೀಲಿಯಾಗಿದ್ದರೆ ತಕ್ಷಣ ಹೊರಡಿ. ಎತ್ತಿ ತಬ್ಬಿಕೊಳ್ಳಬೇಡಿ, ಬಾಯಿಗೆ ನೀರು ಹಾಕಬೇಡಿ; ಗಾಳಿಯಾಡುವ ಬುಟ್ಟಿಯಲ್ಲಿ, ಅದು ತಾನಾಗಿ ಕೂತ ಭಂಗಿಯಲ್ಲೇ ಒಯ್ಯಿರಿ.