ಚೌಕಿಯ ಹೊರಗಿನ ಸೀರೆ

ಯುಗಾದಿ ಸಂಚಿಕೆಯಲ್ಲಿ ನಾವು ಹಾಕಿದ ಒಂದು ಫೋಟೊ ನೋಡಿ ಕುಂದಾಪುರ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇದು:

"ಅಕ್ಕನ ಮದುವೆಯಲ್ಲಿ ಗಡ್ಡ ಬಿಟ್ಟ ಹುಡುಗನೊಬ್ಬ ಅಮ್ಮನ ಇಳಕಲ್ ಸೀರೆ ಉಟ್ಟು ನಿಂತ ಚಿತ್ರ ಹಾಕಿದ್ದೀರಿ. ನಾನು ಚಿಕ್ಕಂದಿನಿಂದ ಯಕ್ಷಗಾನ ನೋಡಿದವ. ಸ್ತ್ರೀವೇಷದ ದಮಯಂತಿಯನ್ನು ನೋಡಿ ಕಣ್ಣೀರು ಹಾಕಿದವ. ಅದು ಕಲೆ, ಇದು ತಿಕ್ಕಲುತನ. ವೇಷವನ್ನು ಚೌಕಿಯಲ್ಲಿ (ಆಟದ ಬಣ್ಣದ ಮನೆಯಲ್ಲಿ) ಕಟ್ಟಬೇಕು, ಚೌಕಿಯಲ್ಲೇ ಬಿಚ್ಚಬೇಕು. ಬೀದಿಗೆ ತಂದರೆ ನಾಳೆ ನಮ್ಮ ಗಂಡುಮಕ್ಕಳೆಲ್ಲ ಮಂಗಳಮುಖಿಯರಾಗುತ್ತಾರೆ. ಹೇಳಿಯೇ ಬಿಡುತ್ತೇನೆ, ಒಂಬತ್ತನೇ ಕ್ಲಾಸಿನ ನನ್ನ ಮೊಮ್ಮಗ ಅವನಕ್ಕನ ಲಂಗ ದಾವಣಿ ಹಾಕಿ, ಕುಣಿದು, ರೀಲ್ ಮಾಡಿ ಬಿಟ್ಟಿದ್ದಾನೆ. ಅವನಪ್ಪ ದುಬೈಯಲ್ಲಿದ್ದಾನೆ, ಅವನಿಗಿನ್ನೂ ಗೊತ್ತಿಲ್ಲ. ಹೇಳಬೇಕೇ? ಡಾಕ್ಟರಿಗೆ ತೋರಿಸಬೇಕೇ?"

ಮೇಷ್ಟ್ರೇ, ನಮಸ್ಕಾರ.

ಆ ಫೋಟೊಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬರೀ ಬೈಗುಳ. ನಿಮ್ಮದು ಹಾಗಲ್ಲ. ನೀವು ಒಂದು ಗೆರೆ ಎಳೆದು, ಇದರ ಈಚೆಗೆ ಸರಿ, ಆಚೆಗೆ ತಪ್ಪು ಎಂದಿದ್ದೀರಿ. ಅದಕ್ಕೇ ಉತ್ತರ ಉದ್ದವಾಗುತ್ತಿದೆ, ತಾಳ್ಮೆಯಿಂದ ಓದಿ.

ಚೌಕಿಯಿಂದಲೇ ಶುರು ಮಾಡೋಣ. ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರುವ ಜಾಗ ಅದು. ಸ್ತ್ರೀವೇಷದವರು ಗಡ್ಡ ಮೀಸೆ ನುಣ್ಣಗೆ ಬೋಳಿಸಿಕೊಂಡು ಕನ್ನಡಿ ಮುಂದೆ ಕೂತರೆ ಬೇಗ ಏಳುವುದಿಲ್ಲ. ಸಫೇದ, ಅರದಾಳ, ಇಂಗಳೀಕ ಕಲಸಿ ಮುಖಕ್ಕೆ ಹಚ್ಚಬೇಕು. ಹುಬ್ಬು ತೀಡಬೇಕು, ಕಣ್ಣಿಗೆ ಕಾಡಿಗೆ ಎಳೆಯಬೇಕು. ಎದೆಗೆ ಬಟ್ಟೆ ತುಂಬಿ ರವಿಕೆ ಬಿಗಿಯಬೇಕು. ಗಂಡಸಿನ ಮೈಗೆ ಸೀರೆ ಸುಲಭಕ್ಕೆ ಕೂರುವುದಿಲ್ಲ. ಸೊಂಟ ಸಪಾಟು, ಭುಜ ಅಗಲ, ನೆರಿಗೆ ಜಾರುತ್ತಲೇ ಇರುತ್ತದೆ. ಅದನ್ನೆಲ್ಲ ಡಾಬು ಬಿಗಿದು ಸರಿಮಾಡಬೇಕು. ಆಮೇಲೆ ಚವರಿ, ತುರುಬು, ಹೂವು, ಕೊನೆಗೆ ಗೆಜ್ಜೆ. ಅಷ್ಟಾದ ಮೇಲೂ ರಂಗಕ್ಕೆ ಬಂದಾಗ ಉಡುಪು ನಮ್ಮ ಕಣ್ಣಿಗೆ ಬೀಳುವುದಿಲ್ಲ, ದಮಯಂತಿಯೇ ಕಾಣುತ್ತಾಳೆ. ಕೋಳ್ಯೂರು ರಾಮಚಂದ್ರ ರಾಯರು, ಪಾತಾಳ ವೆಂಕಟರಮಣ ಭಟ್ಟರು ತೆಂಕುತಿಟ್ಟಿನ ಯಕ್ಷಗಾನದಲ್ಲಿ ಮಾಡಿದ್ದು ಇದನ್ನೇ. ಮಂಟಪ ಪ್ರಭಾಕರ ಉಪಾಧ್ಯರು ಒಬ್ಬರೇ ನಿಂತು ಇಡೀ ಆಟವನ್ನೇ ಸ್ತ್ರೀವೇಷದಲ್ಲಿ ನಡೆಸಿದರು. ನೀವು ಕಣ್ಣೀರು ಹಾಕಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆದ ಮೇಲೆ ಏನಾಗುತ್ತಿತ್ತು ಅನ್ನುವುದೂ ನಿಮಗೆ ಗೊತ್ತಿದೆ ಅಲ್ವಾ? ರಾತ್ರಿ "ಆಹಾ" ಎಂದ ಜನರೇ ಹಗಲು ಆ ಮನುಷ್ಯನ ನಡಿಗೆ ನೋಡಿ ಹಿಂದಿನಿಂದ "ಹೆಣ್ಣಿಗ" ಎನ್ನುತ್ತಿದ್ದರು. ಚಹಾದ ಅಂಗಡಿಯಲ್ಲಿ, ಬಸ್ಸಿನಲ್ಲಿ, ಹೆಣ್ಣು ಕೇಳಲು ಹೋದ ಮನೆಯಲ್ಲಿ ಅದೇ ಮಾತು. ನಾವು ಆ ಕಲೆಯನ್ನು ಗೌರವಿಸಿದ್ದು ನಿಜ, ಆದರೆ ಗೌರವವೆಲ್ಲ ಚೌಕಿಯ ಪರದೆ ಒಳಗೇ ಉಳಿಯಿತು. ಹಾಗಾಗಿ ನೀವು ಎಳೆದ ಗೆರೆ ಆ ಕಲಾವಿದರನ್ನು ಕಾಪಾಡಿತು ಅಂತ ನನಗೆ ಅನ್ನಿಸುವುದಿಲ್ಲ.

ಬೀದಿಗೆ ಬರಬಾರದು ಎನ್ನುವ ಮಾತಿಗೆ ಬೆಂಗಳೂರು ಕರಗವನ್ನು ನೋಡಿ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ದ್ರೌಪದಿಯ ಕರಗ ಹೊರಡುತ್ತದೆ. ಹೊರುವುದು ಗಂಡಸು. ಮೈಮೇಲೆ ಅರಿಶಿನ ಬಣ್ಣದ ಸೀರೆ, ಕೈತುಂಬ ಬಳೆ, ಕೊರಳಲ್ಲಿ ತಾಳಿ, ತಲೆಯ ಮೇಲೆ ಮಲ್ಲಿಗೆಯಲ್ಲಿ ಮುಚ್ಚಿಹೋದ ಕರಗ. ಸುತ್ತ ಕತ್ತಿ ಹಿಡಿದ ವೀರಕುಮಾರರು. ಗುಡಿಯೊಳಗೆ ಕೂರುವ ಉತ್ಸವವಲ್ಲ ಇದು. ಪೇಟೆಯ ಗಲ್ಲಿಗಲ್ಲಿ ಸುತ್ತಿ, ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬೆಳಗಾಗುವ ಹೊತ್ತಿಗೆ ವಾಪಸಾಗುತ್ತದೆ. ಲಕ್ಷಗಟ್ಟಲೆ ಜನ ಬೀದಿಯಲ್ಲೇ ನಿಂತು ಕೈಮುಗಿಯುತ್ತಾರೆ.

"ಅದು ದ್ರೌಪದಿ ತಾಯಿ, ಆ ಹುಡುಗನ ಹಾಗಲ್ಲ" ಎಂದು ನೀವು ಹೇಳುತ್ತೀರಿ. ಒಪ್ಪಿದೆ. ಹಾಗಾದರೆ ಬೀದಿಯೂ ತೊಂದರೆಯಲ್ಲ, ಸೀರೆಯೂ ತೊಂದರೆಯಲ್ಲ ಎಂದಾಯಿತು. ದೇವರಿಗಾಗಿ ಉಟ್ಟರೆ ಸರಿ, ಆಟಕ್ಕಾಗಿ ಉಟ್ಟರೆ ಸರಿ. ಕೀಚಕನನ್ನು ಕೊಲ್ಲಲು ಭೀಮ ಉಟ್ಟರೂ ಸರಿ, ಮೇಳದವರು ಆ ಪ್ರಸಂಗ ಆಡಿದಾಗ ಮಕ್ಕಳು ಮರಿ ಎಲ್ಲ ಬಿದ್ದು ಬಿದ್ದು ನಗುತ್ತಾರೆ. "ನನಗೆ ಇಷ್ಟ ಆಯ್ತು, ಉಟ್ಟೆ" ಎಂದರೆ ಮಾತ್ರ ತಪ್ಪು. ನಿಮ್ಮನ್ನು ಕೆರಳಿಸಿದ್ದು ಆ ಹುಡುಗನ ಮುಖದಲ್ಲಿದ್ದ ಖುಷಿ ಅಂತ ನನ್ನ ಅನುಮಾನ.

ಖುಷಿಪಡುವುದು ಯಾಕೆ ತಪ್ಪು?

ಇದಕ್ಕೆ ಉತ್ತರ ನಮ್ಮ ತಾಲೂಕು ಕಚೇರಿಗಳ ಮುಂದೆಯೇ ಸಿಗುತ್ತದೆ. ಕೆಲಸ ಮಾಡದ ಅಧಿಕಾರಿಗೆ, ಮಾತು ತಪ್ಪಿದ ಶಾಸಕನಿಗೆ ಪ್ರತಿಭಟನೆಕಾರರು ತಟ್ಟೆಯಲ್ಲಿ ಏನು ಇಟ್ಟು ಕೊಡುತ್ತಾರೆ? ಸೀರೆ, ಬಳೆ, ಅರಿಶಿನ ಕುಂಕುಮ. ಪಕ್ಷ ಯಾವುದೇ ಇರಲಿ, ಸಂಘಟನೆ ಯಾವುದೇ ಇರಲಿ, ಈ ತಟ್ಟೆ ಮಾತ್ರ ಬದಲಾಗುವುದಿಲ್ಲ. ಕೆಲವು ಸಲ ಅದನ್ನು ಹಿಡಿದುಕೊಂಡು ಬರುವವರು ಹೆಂಗಸರೇ, ಸ್ವತಃ ಸೀರೆ ಉಟ್ಟವರು, ಕೈತುಂಬ ಬಳೆ ತೊಟ್ಟವರು. ಮುತ್ತೈದೆಗೆ ಬಾಗಿನದಲ್ಲಿ ಕೊಡುವ ಅದೇ ವಸ್ತುಗಳು ಗಂಡಸಿನ ಕೈಗೆ ಬಂದ ಕೂಡಲೇ ಬೈಗುಳವಾಗುತ್ತವೆ. ಮರುದಿನ ಪೇಪರಿನಲ್ಲಿ ಫೋಟೊ ಬರುತ್ತದೆ, ಯಾರೂ ಏನೂ ಅನ್ನುವುದಿಲ್ಲ. ನನ್ನನ್ನು ಕೇಳಿದರೆ, ಸಂಸ್ಕೃತಿಗೆ ಅವಮಾನ ಎಂದು ಯಾರಾದರೂ ಪತ್ರ ಬರೆಯಬೇಕಾದ್ದು ಆ ಫೋಟೊಗೆ.

ಅದೇ ಹೆಣ್ಣುಮಗಳು ಗಂಡಸಿನ ಬಟ್ಟೆ ತೊಟ್ಟರೆ ನಾವು ಹೀಗೆ ನೋಡುವುದಿಲ್ಲ. ಆರ್. ನಾಗರತ್ನಮ್ಮ ಹೆಂಗಸರದ್ದೇ ನಾಟಕ ಮಂಡಳಿ ಕಟ್ಟಿ ರಾವಣ, ಕಂಸ ಎಲ್ಲ ಆಡಿದರು. ಮೀಸೆ ಅಂಟಿಸಿಕೊಂಡು ಅಬ್ಬರಿಸಿದ್ದಕ್ಕೆ ಜನ ಶಿಳ್ಳೆ ಹೊಡೆದರು. ರಂಗದ ಮಾತು ಬಿಡಿ, ಹುಡುಗಿಯರು ಪ್ಯಾಂಟು ಹಾಕಲು ಶುರು ಮಾಡಿದಾಗ ಸ್ವಲ್ಪ ಗೊಣಗಿದೆವು, ಆಮೇಲೆ ರೂಢಿಯಾಯಿತು. ಈಗ ಮಗಳು ಜೀನ್ಸ್ ಹಾಕಿ ಸ್ಕೂಟರ್ ಹತ್ತಿದರೆ "ನನ್ನ ಮಗಳು ಗಂಡುಮಗನ ಹಾಗೆ" ಎಂದು ಅಪ್ಪ ಎದೆ ಉಬ್ಬಿಸುತ್ತಾನೆ. ಮಗ ಸೀರೆ ಉಟ್ಟರೆ "ಹೆಣ್ಣುಮಗಳ ಹಾಗೆ" ಎಂದು ಎದೆ ಉಬ್ಬಿಸಿದ ಅಪ್ಪನನ್ನು ನಾನಂತೂ ನೋಡಿಲ್ಲ. ಒಂದು ಮೇಲೆ ಹತ್ತಿದ ಹಾಗೆ, ಇನ್ನೊಂದು ಕೆಳಗೆ ಬಿದ್ದ ಹಾಗೆ. ಹೆಣ್ಣು ಗಂಡಿಗಿಂತ ಒಂದು ಮೆಟ್ಟಿಲು ಕೆಳಗೆ ಎಂಬ ಲೆಕ್ಕ ತಲೆಯಲ್ಲಿ ಇರುವವರೆಗೆ ಸೀರೆ ಉಟ್ಟ ಹುಡುಗ ಜಾರಿಬಿದ್ದವನ ಹಾಗೇ ಕಾಣುತ್ತಾನೆ. ನಿಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳನ್ನು ಮುಂದಿನ ಬೆಂಚಿಗೆ ತಂದು ಕೂರಿಸಿದೆ ಎಂದು ಪತ್ರದ ಇನ್ನೊಂದು ಕಡೆ ಬರೆದಿದ್ದೀರಿ. ಅದಕ್ಕೇ ಈ ಮಾತನ್ನು ನಿಮಗೆ ಧೈರ್ಯವಾಗಿ ಹೇಳುತ್ತಿದ್ದೇನೆ.

ಮರಾಠಿ ರಂಗಭೂಮಿಯಲ್ಲಿ ಇದು ತಲೆಕೆಳಗಾದ ಒಂದು ಉದಾಹರಣೆಯಿದೆ. ಬಾಲಗಂಧರ್ವರು (1888–1967) ರಂಗದ ಮೇಲೆ ಉಟ್ಟ ಸೀರೆ, ಮುಡಿದ ಹೂವು, ತೊಟ್ಟ ಒಡವೆ ನೋಡಿ ಆ ಕಾಲದ ಶ್ರೀಮಂತ ಮನೆಯ ಹೆಂಗಸರು ಹಾಗೇ ಉಡಲು ಶುರು ಮಾಡಿದರು. ಗಂಡಸನ್ನು ನೋಡಿ ಹೆಂಗಸರು ಸೀರೆ ಉಡುವ ಅಂದ ಕಲಿತರು! ಅಂದ ಮೇಲೆ ಯಾವುದು ಯಾರ ಉಡುಪು ಅಂತ ಹೇಳುವುದು ನಾವು ಅಂದುಕೊಂಡಷ್ಟು ಸುಲಭವಲ್ಲ. ನಮ್ಮ ತಾತಂದಿರು ಕಿವಿಗೆ ಒಂಟಿ ಹಾಕಿ, ಉದ್ದ ಜುಟ್ಟು ಬಿಟ್ಟು, ನೆರಿಗೆ ಹಿಡಿದು ಕಚ್ಚೆ ಉಟ್ಟವರು. ಮೊಮ್ಮಗ ಕಿವಿ ಚುಚ್ಚಿಸಿಕೊಂಡರೆ ಮಾತ್ರ ನಮಗೆ ಸಿಟ್ಟು.

ಇನ್ನು ಬೀದಿಯಲ್ಲಿ ಉಡಬಾರದು ಎಂಬ ನಿಯಮ. ಮನೆಯ ಹಿರಿಯರ ಗದರಿಕೆ ಹಿಂದಿನಿಂದಲೂ ಇದ್ದಿರಬಹುದು. ಆದರೆ ಪೊಲೀಸರ ಕೈಗೆ ಅದನ್ನು ಕಾನೂನಾಗಿ ಕೊಟ್ಟಿದ್ದು ಬ್ರಿಟಿಷರು. 1871ರ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ಬುಡಕಟ್ಟುಗಳನ್ನು ಹುಟ್ಟು ಕಳ್ಳರೆಂದು ಕರೆದಿದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಇನ್ನೊಂದು ಭಾಗವೂ ಇತ್ತು. ಹಿಜಡಾ ಸಮುದಾಯದವರ ಹೆಸರನ್ನು ಪೊಲೀಸರು ಪಟ್ಟಿ ಮಾಡಿಡಬೇಕು. ಪಟ್ಟಿಯಲ್ಲಿ ಇರುವವರು ಹೆಂಗಸಿನಂತೆ ಬಟ್ಟೆ, ಒಡವೆ ತೊಟ್ಟು ರಸ್ತೆಯಲ್ಲಿ ಕಂಡರೆ ವಾರಂಟ್ ಇಲ್ಲದೆ ಹಿಡಿಯಬಹುದು, 2 ವರ್ಷದವರೆಗೆ ಜೈಲು. ಬೇರೆಲ್ಲೋ ನಿಂತು ರಸ್ತೆಗೆ ಕಾಣಲಿ ಅಂತ ಉಟ್ಟರೂ ಅಷ್ಟೇ. ಕುಣಿದರೆ, ವಾದ್ಯ ನುಡಿಸಿದರೆ ಕೂಡ ಅಪರಾಧ! ಇದು ಮೊದಲು ಉತ್ತರ ಭಾರತದ ಪ್ರಾಂತ್ಯಗಳಲ್ಲಿ ಬಂತು. ಹೈದರಾಬಾದಿನ ನಿಜಾಮರೂ 1919ರಲ್ಲಿ ಇಂಥದ್ದೇ ಕಾಯ್ದೆ ತಂದರು. ಅದನ್ನು ತೆಲಂಗಾಣ ಹೈಕೋರ್ಟ್ ರದ್ದು ಮಾಡಿದ್ದು 2023ರಲ್ಲಿ, ನೂರು ವರ್ಷ ದಾಟಿದ ಮೇಲೆ. ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೂ ಈ ಸಮುದಾಯದವರ ಪಟ್ಟಿ ಇಡುವ 36ಎ ಕಲಮು ಸೇರಿದ್ದು ಬ್ರಿಟಿಷರ ಕಾಲದಲ್ಲಿ ಅಲ್ಲ, 2011ರಲ್ಲಿ. ಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಅದನ್ನು ತಿದ್ದಿದರು.

ಈಗಿನ ಕಾನೂನು ಏನು ಹೇಳುತ್ತದೆ ಎಂದು ಕೇಳಿದರೆ, ಮಂಗಳಮುಖಿಯರ ಹಕ್ಕುಗಳ ಬಗ್ಗೆ ಸುಪ್ರೀಂ ಕೋರ್ಟ್ 2014ರ ಏಪ್ರಿಲ್‌ನಲ್ಲಿ ಕೊಟ್ಟ ನಾಲ್ಸಾ ತೀರ್ಪು ಇದೆ. ಉಡುಗೆ, ನಡೆ, ಮಾತಿನಲ್ಲಿ ತನ್ನ ಲಿಂಗತ್ವವನ್ನು ತೋರಿಸಿಕೊಳ್ಳುವುದು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಅದು ಹೇಳಿದೆ.

ನಿಮ್ಮ ಇನ್ನೊಂದು ಭಯಕ್ಕೆ ಬರುತ್ತೇನೆ. "ಮಂಗಳಮುಖಿಯರಾಗುತ್ತಾರೆ" ಎಂದಿದ್ದೀರಿ. ಇಲ್ಲಿ ಎರಡು ಬೇರೆ ಬೇರೆ ವಿಷಯ ಒಂದಾಗಿಬಿಟ್ಟಿವೆ. ಮಂಗಳಮುಖಿ ಕಲಾವಿದೆ ಮಾತಾ ಮಂಜಮ್ಮ ಜೋಗತಿಯವರನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ಹೋದವರು ರಾಷ್ಟ್ರಪತಿಗಳ ಮುಂದೆ ನಿಂತು ಸೆರಗಿನಿಂದ ದೃಷ್ಟಿ ತೆಗೆದರು. ದರ್ಬಾರ್ ಹಾಲ್‌ನಲ್ಲಿ ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಅವರು ಸೀರೆ ಉಟ್ಟ ಗಂಡಸಲ್ಲ, ಹೆಣ್ಣು. ಸೀರೆ ಉಟ್ಟಿದ್ದರಿಂದ ಹೆಣ್ಣಾದವರೂ ಅಲ್ಲ, ತಾನು ಹೆಣ್ಣು ಎಂದು ಒಳಗಿನಿಂದ ಗೊತ್ತಿದ್ದಕ್ಕೆ ಸೀರೆ ಉಟ್ಟವರು. ಅದಕ್ಕಾಗಿ ಮನೆ ಬಿಟ್ಟು, ಭಿಕ್ಷೆ ಬೇಡಿ, ಜೋಗತಿ ನೃತ್ಯ ಕಲಿತು, ಜಾನಪದ ಅಕಾಡೆಮಿಯ ಅಧ್ಯಕ್ಷರಾಗುವ ತನಕ ಬಂದವರು. ನಾವು ಫೋಟೊ ಹಾಕಿದ ಹುಡುಗನದು ಬೇರೆ. ಅವನು ಗಂಡು, ಗಂಡಾಗಿಯೇ ಸೀರೆ ಉಟ್ಟ. ಅಮ್ಮನ ಸೀರೆ, ಅಕ್ಕನ ಮದುವೆ, ಆಸೆಯಾಯಿತು, ಅಷ್ಟೇ. 2020ರ ಜನವರಿಯಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನ ಮೂವರು ಹುಡುಗರು "ಟೈ ಆ್ಯಂಡ್ ಸಾರಿ ಡೇ" ದಿನ ಸೀರೆ ಉಟ್ಟು ಬಂದಿದ್ದರು. ಬಟ್ಟೆಯನ್ನು ಗಂಡು ಹೆಣ್ಣು ಅಂತ ಯಾಕೆ ಹಂಚಬೇಕು ಎಂಬುದು ಅವರ ಪ್ರಶ್ನೆ. ಬಟ್ಟೆಯಿಂದ ಯಾರೂ ಹೆಣ್ಣಾಗುವುದಿಲ್ಲ ಮೇಷ್ಟ್ರೇ. ಆಗುವ ಹಾಗಿದ್ದರೆ ಮೇಳದ ಸ್ತ್ರೀವೇಷಧಾರಿಗಳೆಲ್ಲ ಎಂದೋ ಆಗಿರಬೇಕಿತ್ತು.

ಈಗ ನಿಮ್ಮ ಮೊಮ್ಮಗ.

ಡಾಕ್ಟರಿಗೆ ತೋರಿಸಬೇಕಾದ್ದು ಇದರಲ್ಲಿ ಏನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇನ್ನೊಂದು ಲಿಂಗದ ಬಟ್ಟೆ ಹಾಕುವುದನ್ನೂ ಒಂದು ಕಾಯಿಲೆಯಾಗಿ ಬರೆದಿದ್ದ ಕಾಲ ಇತ್ತು. 2022ರಿಂದ ಜಾರಿಯಲ್ಲಿರುವ ಹೊಸ ಪಟ್ಟಿಯಲ್ಲಿ ಅದು ಇಲ್ಲ. "ಸರಿಮಾಡಿಕೊಡ್ತೀನಿ" ಎನ್ನುವ ಯಾರ ಹತ್ತಿರವೂ ಹುಡುಗನನ್ನು ಕರೆದುಕೊಂಡು ಹೋಗಬೇಡಿ, ಅವರು ಡಾಕ್ಟರಾಗಿರಲಿ, ಮಂತ್ರ ಹಾಕುವವರಾಗಿರಲಿ. ಹಾಗೆ ಬದಲಾಯಿಸಲು ಹೋಗುವುದು ವೈದ್ಯ ವೃತ್ತಿಗೆ ತಕ್ಕದ್ದಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಅವನು ಮುಂದೆ ಏನಾಗುತ್ತಾನೆ ಎಂದು ನೀವು ಈಗಲೇ ತಲೆ ಕೆಡಿಸಿಕೊಳ್ಳುವುದು ಬೇಡ. ಸುಮ್ನೆ ತಮಾಷೆಗೆ ಕುಣಿದಿರಬಹುದು. ಕುಣಿತದ ಹುಚ್ಚು ಇರಬಹುದು. ಅದಕ್ಕಿಂತ ಜಾಸ್ತಿಯೂ ಇರಬಹುದು. ಯಾವುದು ಎಂದು ಅವನೇ ಹೇಳಬೇಕು, ಅದೂ ಕೇಳುವವರ ಮುಖ ಶಾಂತವಾಗಿದ್ದರೆ ಮಾತ್ರ.

ನನಗೆ ನಿಜವಾಗಿ ಚಿಂತೆ ಇರುವುದು ರೀಲ್ ಬಗ್ಗೆ. ಕುಣಿದಿದ್ದಕ್ಕಲ್ಲ, ಕೆಳಗೆ ಬರುವ ಕಾಮೆಂಟುಗಳಿಗೆ. ಮಧ್ಯಪ್ರದೇಶದಲ್ಲಿ ಹೀಗೇ ಸೀರೆ ಉಟ್ಟು ರೀಲ್ ಹಾಕಿದ್ದ ಹದಿಹರೆಯದ ಹುಡುಗನೊಬ್ಬ 2023ರಲ್ಲಿ ಕೆಟ್ಟ ಕಾಮೆಂಟುಗಳ ಸುರಿಮಳೆಯಾದ ಮೇಲೆ ಜೀವ ಕಳೆದುಕೊಂಡ. ಹೆದರಿಸಲು ಹೇಳುತ್ತಿಲ್ಲ. ನಿಮ್ಮ ಮೊಮ್ಮಗ ಆ ಕಾಮೆಂಟುಗಳನ್ನು ರಾತ್ರಿ ಒಬ್ಬನೇ ಓದುತ್ತಿರಬಹುದು, ಮನೆಯಲ್ಲಿ ಯಾರಿಗೂ ಹೇಳಿರಲಿಕ್ಕಿಲ್ಲ. ಅವನಕ್ಕನನ್ನು ಜೊತೆಗೆ ಕೂರಿಸಿಕೊಳ್ಳಿ, ದಾವಣಿ ಅವಳದ್ದೇ ತಾನೆ, ಅವಳಿಗೆ ಎಲ್ಲ ಗೊತ್ತಿರುತ್ತದೆ. ಅಕೌಂಟ್ ಪ್ರೈವೇಟ್ ಮಾಡುವುದು, ಕಾಮೆಂಟ್ ಬಂದ್ ಮಾಡುವುದು ಅವರಿಬ್ಬರಿಗೂ ಬರುತ್ತದೆ. ರೀಲ್ ಇಡಬೇಕೋ ತೆಗೆಯಬೇಕೋ ಎಂದು ಅವನೇ ತೀರ್ಮಾನಿಸಲಿ. ನೀವು ಫೋನ್ ಕಿತ್ತುಕೊಳ್ಳಬೇಡಿ. ಅವನು ಸಪ್ಪಗಾದರೆ, ಊಟ ಬಿಟ್ಟರೆ, ಶಾಲೆಗೆ ಹೋಗಲ್ಲ ಎಂದರೆ ಆಗ ಒಳ್ಳೆಯ ಮನೋವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅದು ಅವನ ನೋವಿಗೆ ಔಷಧ, ದಾವಣಿಗಲ್ಲ.

ಅವನಪ್ಪನಿಗೆ ಹೇಳಬೇಕೇ ಎಂದು ಕೇಳಿದ್ದೀರಿ. ಈಗ ಬೇಡ. ದೂರದಲ್ಲಿರುವವನಿಗೆ ಅರ್ಧ ಸುದ್ದಿ ಹೋದರೆ ಅವನು ಫೋನಿನಲ್ಲೇ ಕೂಗಾಡುತ್ತಾನೆ, ಇಲ್ಲಿ ಹುಡುಗ ಬಾಗಿಲು ಹಾಕಿಕೊಳ್ಳುತ್ತಾನೆ. ಮೊದಲು ನೀವು ಹುಡುಗನ ಹತ್ತಿರ ಮಾತಾಡಿ. ನಾನು ನೋಡಿದೆ ಅನ್ನಿ, ಬೈಯಲು ಬಂದಿಲ್ಲ ಅನ್ನಿ. ಆಮೇಲೆ ಅಪ್ಪನಿಗೆ ಯಾರು ಹೇಳುವುದು, ಯಾವಾಗ ಹೇಳುವುದು ಎಂದು ಅವನನ್ನೇ ಕೇಳಿ. ಬೇಡ ಅಂದರೆ ಸದ್ಯಕ್ಕೆ ಬೇಡ.

ನಿಮ್ಮ,
ಸಂಪಾದಕ