ಆಕ್ಸಿಜನ್ ಚೇಂಬರ್‌ನಲ್ಲಿ ಕೂತರೆ ಕೈಕಾಲು ಬರುತ್ತಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 61 ವರ್ಷ. ಬಿಪಿ ಜಾಸ್ತಿಯಾಗಿ ಮಿದುಳಲ್ಲಿ ರಕ್ತಸ್ರಾವ ಆಗಿ ಎರಡು ತಿಂಗಳಾಯಿತು. ಎಡಗೈ, ಎಡಗಾಲಿಗೆ ಇನ್ನೂ ಪೂರ್ತಿ ಬಲ ಬಂದಿಲ್ಲ. ಹೈಪರ್‌ಬೇರಿಕ್ ಆಕ್ಸಿಜನ್ ಥೆರಪಿ 40 ಸಲ ಮಾಡಿಸಿದರೆ ಮೊದಲಿನ ಹಾಗೆ ಆಗುತ್ತಾರೆ ಅಂತ ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಫಿಸಿಯೋಥೆರಪಿ ಬಿಟ್ಟು ಇದನ್ನು ಶುರು ಮಾಡೋಣವಾ?

ಉತ್ತರ: ಫಿಸಿಯೋಥೆರಪಿ ಮಾತ್ರ ಬಿಡಬೇಡಿ. ಉಳಿದದ್ದು ಆಮೇಲೆ.

ಈ ಚಿಕಿತ್ಸೆಯಲ್ಲಿ ಮುಚ್ಚಿದ ಚೇಂಬರ್ ಒಳಗೆ ಗಾಳಿಯ ಒತ್ತಡವನ್ನು ಮಾಮೂಲಿಗಿಂತ ಸುಮಾರು ಎರಡು ಪಟ್ಟು ಏರಿಸಿ, ಒಂದು, ಒಂದೂವರೆ ಗಂಟೆ ಶುದ್ಧ ಆಕ್ಸಿಜನ್ ಕೊಡುತ್ತಾರೆ. ಆಗ ಕೆಂಪು ರಕ್ತಕಣಗಳಲ್ಲಷ್ಟೇ ಅಲ್ಲ, ರಕ್ತದ ನೀರಿನಂಶದಲ್ಲೂ ಆಕ್ಸಿಜನ್ ಜಾಸ್ತಿ ಕರಗುತ್ತದೆ. ಸಮುದ್ರದಾಳದಿಂದ ಬೇಗ ಮೇಲೆ ಬಂದು ತೊಂದರೆಯಾದ ಡೈವರ್‌ಗಳಿಗೆ, ಕಾರ್ಬನ್ ಮಾನಾಕ್ಸೈಡ್ ವಿಷ ಏರಿದವರಿಗೆ, ಸಕ್ಕರೆ ಕಾಯಿಲೆಯವರ ವಾಸಿಯಾಗದ ಕಾಲಿನ ಕೆಲವು ಹುಣ್ಣುಗಳಿಗೆ ಇದು ಒಪ್ಪಿತ ಚಿಕಿತ್ಸೆ. ಮಿದುಳಿನ ರಕ್ತಸ್ರಾವದ ನಂತರದ ಚೇತರಿಕೆಗೆ ಆ ಒಪ್ಪಿಗೆ ಇಲ್ಲ.

ಹಾಗಾದರೆ ಈ ಆಸೆ ಸುಮ್ನೆ ಹುಟ್ಟಿತಾ? ಅಲ್ಲ. 2013ರಲ್ಲಿ ಇಸ್ರೇಲ್‌ನ ಒಂದು ತಂಡ 74 ಸ್ಟ್ರೋಕ್ ರೋಗಿಗಳ ಅಧ್ಯಯನ ಪ್ರಕಟಿಸಿತು. ಅದರಲ್ಲಿ ರಕ್ತಸ್ರಾವ ಆದವರೂ ಇದ್ದರು, 40 ಸಲ ಚಿಕಿತ್ಸೆ ಕೊಟ್ಟ ಮೇಲೆ ಸುಧಾರಣೆ ಕಂಡಿತು ಅಂದರು. ಆದರೆ ಹೋಲಿಸಿ ನೋಡಲು ಬರೀ ಹೆಸರಿಗೆ ಚೇಂಬರ್‌ನಲ್ಲಿ ಕೂರಿಸಿದ ಗುಂಪು ಇರಲಿಲ್ಲ, ಹಾಗಾಗಿ ನಂಬಿಕೆಯಿಂದ ಎಷ್ಟು, ಆಕ್ಸಿಜನ್‌ನಿಂದ ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಇನ್ನೊಂದು, ಅವರಿಗೆಲ್ಲ ಸ್ಟ್ರೋಕ್ ಆಗಿ ಕನಿಷ್ಠ ಆರು ತಿಂಗಳು ಕಳೆದಿತ್ತು. ನಿಮ್ಮ ತಂದೆಗೆ ಎರಡೇ ತಿಂಗಳು. ಮಿದುಳು ತಾನಾಗಿಯೇ ಬೇಗ ಬೇಗ ಚೇತರಿಸಿಕೊಳ್ಳುವ ಕಾಲ ಇದು. ಈಗ ಯಾವ ಚಿಕಿತ್ಸೆ ಶುರು ಮಾಡಿದರೂ ಹೆಸರು ಅದಕ್ಕೇ ಹೋಗುತ್ತದೆ, ಅಲ್ವಾ?

ಅಪಾಯವೂ ಇದೆ. ಒತ್ತಡಕ್ಕೆ ಕಿವಿ ನೋವು, ಕೆಲವೊಮ್ಮೆ ಕಿವಿತಮಟೆಗೆ ಪೆಟ್ಟು. ಅಪರೂಪಕ್ಕೆ ಫಿಟ್ಸ್ ಬರಬಹುದು, ಮಿದುಳಲ್ಲಿ ರಕ್ತಸ್ರಾವ ಆದವರಿಗೆ ಫಿಟ್ಸ್ ಭಯ ಮೊದಲೇ ಇರುತ್ತದೆ. ಶ್ವಾಸಕೋಶದ ಸುತ್ತ ಗಾಳಿ ಸೋರಿ ನಿಂತಿದ್ದರೆ ಅದಕ್ಕೆ ಚಿಕಿತ್ಸೆ ಆಗುವ ತನಕ ಚೇಂಬರ್ ಒಳಗೆ ಹೋಗಲೇಬಾರದು.

ಪೂರ್ತಿ ವಾಸಿ ಗ್ಯಾರಂಟಿ ಅನ್ನುವವರಿಂದ ದೂರ ಇರಿ. ಆದರೂ ಮನಸ್ಸಿದ್ದರೆ, ಸ್ಕ್ಯಾನ್ ರಿಪೋರ್ಟ್ ಹಿಡಿದು ಮೊದಲು ನಿಮ್ಮ ನ್ಯೂರಾಲಜಿಸ್ಟ್ ಹತ್ತಿರ ಹೋಗಿ. ಬಿಪಿ ಹಿಡಿತದಲ್ಲಿ ಇದೆಯಾ ಅಂತಲೂ ಆಗಲೇ ತೋರಿಸಿ, ಇನ್ನೊಮ್ಮೆ ರಕ್ತಸ್ರಾವ ಆಗದಂತೆ ತಡೆಯಲು ಅದಕ್ಕಿಂತ ಮುಖ್ಯವಾದದ್ದು ಇಲ್ಲ.