ಟಿಐ-84 ಪ್ಲಸ್‌ನಲ್ಲಿ ಎಕ್ಸ್‌ಗೆ ಇಟ್ಟ ಬೆಲೆ ತಾನಾಗಿ ಬದಲಾಗುವುದೇಕೆ?

ಗ್ರಾಫ್ ಎಳೆಯುವ ನಿಮ್ಮ ಟಿಐ-84 ಪ್ಲಸ್ ಕ್ಯಾಲ್ಕುಲೇಟರ್ ಕೆಟ್ಟಿಲ್ಲ, ಅಂಗಡಿಗೆ ವಾಪಸ್ ಕೊಡಬೇಡಿ. ನಿಮ್ಮ ಮಗಳು ಎಕ್ಸ್‌ಗೆ 5 ಇಟ್ಟಳು, ಗ್ರಾಫ್ ನೋಡಿಕೊಂಡು ಬರುವಷ್ಟರಲ್ಲಿ ಅಲ್ಲಿ ಬೇರೇನೋ ಸಂಖ್ಯೆ ಕೂತಿತ್ತು ಅಂದಿರಲ್ಲ, ಅದು ಆ ಯಂತ್ರ ಕೆಲಸ ಮಾಡುವ ರೀತಿಯೇ. ನಾನು ಇಲ್ಲಿ ಅಮೆರಿಕದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಊರಿನಲ್ಲಿ ಕ್ಯಾಲ್ಕುಲೇಟರ್ ಮುಟ್ಟದೆ ಗಣಿತ ಕಲಿತ ನಮ್ಮಂಥ ಅಪ್ಪ-ಅಮ್ಮಂದಿರಿಗೆ ಈ ವಿಷಯ ಗೊಂದಲ ಮಾಡುವುದು ಸಹಜ.

ನೋಟ್‌ಬುಕ್ಕಿನಲ್ಲಿ ಎಕ್ಸ್ ಅಂದರೆ ಕಂಡುಹಿಡಿಯಬೇಕಾದ ಸಂಖ್ಯೆ. ಈ ಯಂತ್ರದಲ್ಲಿ ಮಾತ್ರ ಪ್ರತಿ ಅಕ್ಷರವೂ ಹೆಸರು ಬರೆದ ಒಂದು ಡಬ್ಬಿ, ಅದರೊಳಗೆ ಯಾವಾಗಲೂ ಒಂದು ಸಂಖ್ಯೆ ಇದ್ದೇ ಇರುತ್ತದೆ. ಎ ಇಂದ ಝಡ್‌ವರೆಗೆ 26, ಜೊತೆಗೆ ಗ್ರೀಕ್ ಅಕ್ಷರ ಥೀಟಾ (θ), ಒಟ್ಟು 27. ಗ್ರಾಫ್ ಎಳೆಯುವಾಗ ಯಂತ್ರ ಎಕ್ಸ್‌ಗೆ ಒಂದೊಂದೇ ಬೆಲೆ ತುಂಬುತ್ತಾ ವೈ ಲೆಕ್ಕ ಹಾಕುತ್ತದೆ. ಟ್ರೇಸ್ ಕೀಲಿ ಒತ್ತಿ ಗ್ರಾಫಿನ ಗೆರೆಯ ಮೇಲೆ ಕರ್ಸರ್ ಸರಿಸಿದರೂ ಅಷ್ಟೇ. ಮೊದಲಿದ್ದ 5 ಅಳಿಸಿಹೋಗುವುದು ಹೀಗೆ. ಆದ್ದರಿಂದ ಉಳಿಯಬೇಕಾದ ಸಂಖ್ಯೆಯನ್ನು ಗ್ರಾಫ್‌ಗಳಿಗೆ ಯಂತ್ರವೇ ಬಳಸಿಕೊಳ್ಳುವ ಎಕ್ಸ್, ವೈ, ಟಿ, ಆರ್, ಥೀಟಾಗಳಲ್ಲಿ ಇಡದಿರುವುದೇ ಕ್ಷೇಮ. ಎ, ಬಿ, ಸಿ, ಪಿ, ಕೆ ಯಾವುದಾದರೂ ಆಗಬಹುದು.

ಇಡುವುದು ಸುಲಭ. 5 ಒತ್ತಿ, ಎಡಗಡೆ ಆನ್ ಕೀಲಿಯ ಮೇಲಿರುವ ಸ್ಟೋ ಕೀಲಿ ಒತ್ತಿ, ಆಮೇಲೆ ಆಲ್ಫಾ ಮತ್ತು ಮ್ಯಾಥ್ (ಅದರ ಮೇಲೆಯೇ ಎ ಅಕ್ಷರ ಇರುವುದು), ಕೊನೆಗೆ ಎಂಟರ್. ಪರದೆಯ ಮೇಲೆ 5→ಎ ಎಂದು ಕಾಣುತ್ತದೆ. ಆಫ್ ಮಾಡಿದರೂ ಹೋಗುವುದಿಲ್ಲ.

ಎಕ್ಸ್ ಬದಲಾಗುವ ಈ ಗುಣದಿಂದಲೇ ಒಂದು ದೊಡ್ಡ ಉಪಯೋಗವಿದೆ, ಅದನ್ನು ಮಗಳಿಗೆ ಖಂಡಿತ ತೋರಿಸಿ. ರೇಡಿಯನ್ ಮೋಡ್‌ನಲ್ಲಿ (ಕೋನವನ್ನು ಡಿಗ್ರಿ ಬದಲು ರೇಡಿಯನ್‌ನಲ್ಲಿ ಅಳೆಯುವುದು) ಗ್ರಾಫ್‌ನ ಸೂತ್ರ ಬರೆಯುವ ಸಾಲುಗಳಾದ ವೈ1ಕ್ಕೆ ಕಾಸ್(ಎಕ್ಸ್), ವೈ2ಕ್ಕೆ ಎಕ್ಸ್ ಕೊಟ್ಟು ಗ್ರಾಫ್ ಎಳೆಯಲಿ. ಸೆಕೆಂಡ್ (2nd), ಟ್ರೇಸ್ ಕೀಲಿಗಳನ್ನು ಒತ್ತಿ 5ನೆಯ ಆಯ್ಕೆ ಇಂಟರ್‌ಸೆಕ್ಟ್ ತೆಗೆದುಕೊಂಡು ಮೂರು ಸಲ ಎಂಟರ್ ಒತ್ತಿದರೆ ಎರಡು ಗೆರೆಗಳು ಸೇರುವ ಜಾಗ ಸಿಗುತ್ತದೆ, ಅದರ ಬೆಲೆ ಆಗಲೇ ಎಕ್ಸ್‌ನಲ್ಲಿ ಬಂದು ಕೂತಿರುತ್ತದೆ. ಮಕ್ಕಳು ಇಲ್ಲಿ 0.739 ಅಂತ ಕಾಗದದ ಮೇಲೆ ಬರೆದುಕೊಂಡು ಮುಂದಿನ ಲೆಕ್ಕಕ್ಕೆ ಮತ್ತೆ ಟೈಪ್ ಮಾಡುತ್ತಾರೆ. ಬೇಡ. ಕ್ವಿಟ್ ಮಾಡಿ ಹೊರಬಂದು ಎಕ್ಸ್→ಪಿ ಅಂತ ಕೊಡಲಿ. 0.7390851332 ಪಿ-ಯಲ್ಲಿ ಭದ್ರವಾಗಿ ಕೂರುತ್ತದೆ. ಪರದೆ ತೋರಿಸುವುದು 10 ಅಂಕಿ, ಒಳಗೆ ಇಟ್ಟುಕೊಳ್ಳುವುದು 14.

ಇಷ್ಟು ಅಂಕಿ ಯಾಕೆ ಅಂತ ಕೇಳಿದರೆ ಬಡ್ಡಿ ಲೆಕ್ಕ ಕೊಡಿ. 10,000 ಡಾಲರ್, ವರ್ಷಕ್ಕೆ ಶೇ. 7, ತಿಂಗಳು ತಿಂಗಳು ಚಕ್ರಬಡ್ಡಿ, 30 ವರ್ಷ. ತಿಂಗಳ ದರ 0.07÷12 ಅನ್ನು ಕೆ-ಯಲ್ಲಿಟ್ಟು 10000(1+ಕೆ)^360 ಮಾಡಿದರೆ ಸುಮಾರು 81,165 ಬರುತ್ತದೆ. ಅದೇ ದರವನ್ನು 0.0058 ಎಂದು ಮೊಟಕು ಮಾಡಿದರೆ 80,202ರ ಆಸುಪಾಸು. ಒಂಬೈನೂರಕ್ಕೂ ಹೆಚ್ಚು ಡಾಲರ್ ಮಾಯ! ಮುಂದೆ ಎಪಿ ಕ್ಯಾಲ್ಕುಲಸ್ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಗಣಿತ) ತೆಗೆದುಕೊಂಡರೆ ಉತ್ತರ ಮೂರು ದಶಾಂಶ ಸ್ಥಾನದವರೆಗೆ ಸರಿ ಇರಬೇಕು. ನಡುವೆ ಮೊಟಕು ಮಾಡಿದವರು ಅಂಕ ಕಳೆದುಕೊಳ್ಳುವುದು ಇಲ್ಲೇ. ಹಿಂದಿನ ಉತ್ತರವನ್ನು ಇಟ್ಟುಕೊಳ್ಳುವ ಆನ್ಸ್ ಇದೆಯಲ್ಲ ಅನ್ನಬಹುದು, ಆದರೆ ಅದು ಮುಂದಿನ ಲೆಕ್ಕ ಮಾಡಿದ ಕೂಡಲೇ ಬದಲಾಗುತ್ತದೆ.

ಇನ್ನೊಂದು ವಿಷಯ, ಮೈನಸ್‌ದು. −3² ಎಂದು ನೇರವಾಗಿ ಒತ್ತಿದರೆ −9 ಬರುತ್ತದೆ. −3 ಅನ್ನು ಎ-ಯಲ್ಲಿಟ್ಟು ಎ² ಕೇಳಿದರೆ 9. ಎರಡೂ ಸರಿಯೇ. ಮೊದಲನೆಯದರಲ್ಲಿ 3ರ ವರ್ಗ ಮಾಡಿ ಆಮೇಲೆ ಮೈನಸ್ ಹಚ್ಚಿದ್ದು, ಎರಡನೆಯದರಲ್ಲಿ −3 ಇಡಿಯಾಗಿ ವರ್ಗಗೊಂಡಿದ್ದು. ಆವರಣ ಯಾಕೆ ಬೇಕು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ. ಆ ಮೈನಸ್ ಎಂಟರ್ ಪಕ್ಕದ ಆವರಣದೊಳಗಿನ ಮೈನಸ್ (−) ಕೀಲಿಯದ್ದಾಗಿರಬೇಕು, ಕಳೆಯುವ ಕೀಲಿಯದ್ದಲ್ಲ.

ಬಿಡುವಿದ್ದಾಗ ವೈ1ರಲ್ಲಿ ಎಎಕ್ಸ್²+ಬಿಎಕ್ಸ್+ಸಿ ಅಂತಲೇ ಬರೆದು, ಹೊರಗಿನಿಂದ ಎ-ಯನ್ನು 1, 3, −1 ಎಂದು ಬದಲಿಸುತ್ತಾ ಗ್ರಾಫ್ ಒತ್ತಿ ನೋಡಲಿ. ಪ್ಯಾರಾಬೋಲಾ ಕಿರಿದಾಗುವುದು, ಮಗುಚಿ ಬೀಳುವುದು ಕಣ್ಣೆದುರೇ ಕಾಣುತ್ತದೆ. ಅಕ್ಷರಗಳ ನಡುವೆ ಗುಣಾಕಾರ ಚಿಹ್ನೆ ಬೇಕಿಲ್ಲ.

ಪರೀಕ್ಷೆಗೆ ಮುಂಚೆ ಕೆಲವು ಶಿಕ್ಷಕರು ಮೆಮೊರಿ ರೀಸೆಟ್ ಮಾಡಿಸುತ್ತಾರೆ. ಆಗ ಎಲ್ಲ ಅಕ್ಷರಗಳೂ 0 ಆಗುತ್ತವೆ, ಯಂತ್ರ ಎಚ್ಚರಿಕೆ ಕೊಡದೆ 0 ಹಾಕಿಯೇ ಉತ್ತರ ಹೇಳುತ್ತದೆ. ಹಾಗಾಗಿ ಬಳಸುವ ಮೊದಲು ಆಲ್ಫಾ, ಎ, ಎಂಟರ್ ಒತ್ತಿ ಒಳಗೇನಿದೆ ಎಂದು ನೋಡಿಕೊಳ್ಳಲಿ.